20 ಮಿ.ಮೀ. ದಾಟದ ಮ್ಯಾಂಟಿಸ್ ಸಿಗಡಿ: ಹೊಸ ಪ್ರಭೇದ ಎನ್ನುವ ಮುನ್ನ ಏನೇನು ನೋಡಬೇಕು?

#1 ಹವಳಬಂಡೆ

ಸತ್ತ ಹವಳದ ಕಲ್ಲು ಒಡೆದಾಗ ಸಿಕ್ಕ ಆರು ಮ್ಯಾಂಟಿಸ್ ಸಿಗಡಿಗಳು ಸೂಕ್ಷ್ಮದರ್ಶಕದ ಕೆಳಗಿವೆ. 4 ಗಂಡು, 2 ಹೆಣ್ಣು. ಒಟ್ಟು ಉದ್ದ 13ರಿಂದ 19 ಮಿ.ಮೀ. ಬೇಟೆಗಾಲಿನ ತುದಿಗೆಣ್ಣು ಬುಡದಲ್ಲಿ ಉಬ್ಬಿದೆ, ಒಳಅಂಚಿನಲ್ಲಿ ಹಲ್ಲುಗಳಿಲ್ಲ. ಟೆಲ್ಸನ್ (ಬಾಲದ ತುದಿಯ ಫಲಕ) ಆರನೇ ಉದರಖಂಡಕ್ಕೆ ಬೆಸೆದುಕೊಂಡಿಲ್ಲ, ಕೀಲು ಸರಾಗವಾಗಿ ಆಡುತ್ತದೆ. ಹಾಗಾಗಿ ಪ್ರೊಟೊಸ್ಕ್ವಿಲ್ಲಿಡೀ ಕುಟುಂಬವನ್ನು ಬಿಟ್ಟು ಗೊನೊಡ್ಯಾಕ್ಟೈಲಿಡೀ ಕಡೆಗೆ, ಅದರಲ್ಲೂ ಗೊನೊಡ್ಯಾಕ್ಟೈಲೆಲ್ಲಸ್ ಜೀನಸ್ಸಿನ ಕಡೆಗೆ ಬಂದಿದ್ದೇನೆ. ಅಲ್ಲಿಂದ ಮುಂದೆ ಯಾವ ಪ್ರಭೇದಕ್ಕೂ ಹೊಂದುತ್ತಿಲ್ಲ. ಟೆಲ್ಸನ್ನಿನ ಏಣುಗಳು ಸಣಕಲಾಗಿವೆ, ರಾಸ್ಟ್ರಲ್ ಪ್ಲೇಟಿನ (ತಲೆಯ ಮುಂತುದಿಯ ಸಣ್ಣ ಫಲಕದ) ಮುಂದಿನ ಮೂಲೆಗಳು ಚೂಪಾಗಿವೆ.

ಮಾದರಿಗಳು ಈಗ 95% ಎಥನಾಲ್‌ನಲ್ಲಿವೆ. ಜೀವಂತವಿದ್ದಾಗಿನ ಬಣ್ಣದ ಫೋಟೋಗಳಿವೆ. ವಿವರಣೆ ಬರೆಯಲು ಯಾವ ಕ್ರಮದಲ್ಲಿ ಹೋಗಬೇಕು, ಎಲ್ಲಿ ಎಡವುವ ಸಂಭವ ಹೆಚ್ಚು, ತಿಳಿದವರು ಹೇಳಿ.

#2 ಕಿರುಮುಳ್ಳು

ಸಣಕಲು ಏಣು, ಚೂಪು ಮೂಲೆ: ನೀವು ಹೇಳಿದ ಎರಡೂ ಮರಿಗಳಲ್ಲಿ ಕಾಣುವ ಲಕ್ಷಣಗಳೇ. ಆದ್ದರಿಂದ ಮೊದಲ ಪ್ರಶ್ನೆ ಇದು ಹೊಸದೋ ಹಳೆಯದೋ ಎಂಬುದಲ್ಲ, ಇವು ಬೆಳೆದ ಪ್ರಾಣಿಗಳೋ ಅಲ್ಲವೋ ಎಂಬುದು.

ಈ ಕುಟುಂಬದಲ್ಲಿ ಟೆಲ್ಸನ್ ವಯಸ್ಸಿನ ಜೊತೆಗೆ ಬದಲಾಗುತ್ತಾ ಹೋಗುತ್ತದೆ. ಲಾರ್ವಾ ಹಂತ ಮುಗಿಸಿ ಆಗಷ್ಟೇ ತಳಕ್ಕಿಳಿದ ಮರಿಯಲ್ಲಿ ಏಣುಗಳು ಗೆರೆಯಂತಿರುತ್ತವೆ, ಅಂಚಿನ ಮುಳ್ಳುಗಳು ಉದ್ದ ಮತ್ತು ತೆಳು. ಪೊರೆ ಕಳಚಿದಂತೆಲ್ಲ ಏಣುಗಳು ಊದಿಕೊಳ್ಳುತ್ತವೆ, ಮುಳ್ಳುಗಳು ಮೊಂಡಾಗುತ್ತವೆ. ಉಪಮಧ್ಯ ಹಲ್ಲುಗಳ (ಟೆಲ್ಸನ್ನಿನ ಹಿಂದಿನ ಅಂಚಿನ ನಡುವಿನ ಜೋಡಿ ಚಾಚುಗಳ) ತುದಿಯಲ್ಲಿ ಅಲುಗಾಡುವ ಸಣ್ಣ ಮುಳ್ಳಿರುತ್ತದಲ್ಲ, ಅದು ಕೆಲವು ಪ್ರಭೇದಗಳಲ್ಲಿ ಕೊನೆಯವರೆಗೂ ಉಳಿಯುತ್ತದೆ, ಕೆಲವದರಲ್ಲಿ ದೊಡ್ಡವಾದ ಮೇಲೆ ಇಲ್ಲವಾಗುತ್ತದೆ. 60 ಮಿ.ಮೀ. ಬೆಳೆಯುವ ಪ್ರಭೇದದ 15 ಮಿ.ಮೀ. ಮರಿಯನ್ನು 20 ಮಿ.ಮೀ. ಪ್ರಭೇದದ ವಯಸ್ಕವೆಂದು ತಿಳಿದುಕೊಂಡರೆ ಬರೆದದ್ದೆಲ್ಲ ನೀರುಪಾಲು.

ಇಂಥ ತಪ್ಪು ಈ ಗುಂಪಿನ ಇತಿಹಾಸದಲ್ಲೇ ಇದೆ. 19ನೇ ಶತಮಾನದಲ್ಲಿ ಮ್ಯಾಂಟಿಸ್ ಸಿಗಡಿಯ ಗಾಜಿನಂಥ ಲಾರ್ವಾಗಳನ್ನು ಬೇರೆಯೇ ಪ್ರಾಣಿಗಳೆಂದು ಭಾವಿಸಿ ಅಲಿಮಾ, ಎರಿಕ್ತಸ್ ಎಂದು ಜೀನಸ್ ಹೆಸರುಗಳನ್ನು ಕೊಟ್ಟಿದ್ದರು. ಅವು ಲಾರ್ವಾಗಳೆಂದು ತಿಳಿದ ಮೇಲೆ ಆ ಮಾತುಗಳು ಲಾರ್ವಾ ಬಗೆಗಳನ್ನು ಸೂಚಿಸಲು ಉಳಿದುಕೊಂಡವು.

ನಾಲ್ಕೂ ಗಂಡುಗಳಲ್ಲಿ, ಎರಡೂ ಹೆಣ್ಣುಗಳಲ್ಲಿ ಏನು ಕಾಣುತ್ತದೆ ಎಂದು ಬರೆಯಿರಿ. ಆಮೇಲೆ ಮುಂದಿನದು.

#3 ಹವಳಬಂಡೆ

ನಾಲ್ಕೂ ಗಂಡುಗಳಿಗೆ ಕೊನೆಯ ನಡೆಗಾಲಿನ ಬುಡದಲ್ಲಿ ಜೋಡಿ ಶಿಶ್ನಗಳಿವೆ. ಹೆಣ್ಣುಗಳ ಹೊಟ್ಟೆಯ ಕೆಳಗೆ ಮೊಟ್ಟೆ ಇಲ್ಲ. ಹಾಗಾದರೆ ಹೆಣ್ಣುಗಳು ಮಾತ್ರ ಮರಿಗಳೇ?

#4 ಕಿರುಮುಳ್ಳು

ಎರಡಕ್ಕೂ ತೀರ್ಮಾನ ಹಾಗೆ ಬರುವುದಿಲ್ಲ.

ಶಿಶ್ನ ಬೆಳೆಯದ ಗಂಡಿನಲ್ಲೂ ಕಾಣುತ್ತದೆ. ಅದು ಲಿಂಗವನ್ನು ಹೇಳುತ್ತದೆ, ಪ್ರೌಢತೆಯನ್ನಲ್ಲ. ನೋಡಬೇಕಾದದ್ದು ಪೆಟಾಸ್ಮಾ. ಮೊದಲ ಜೋಡಿ ಈಜುಗಾಲಿನ ಒಳಕವಲು ಮಾರ್ಪಟ್ಟು ಆಗಿರುವ ಅಂಗ ಅದು. ಬಲಗಡೆಯ ಮೊದಲ ಈಜುಗಾಲನ್ನು ಬುಡದಲ್ಲಿ ಕತ್ತರಿಸಿ, ಒಂದು ಹನಿ ಗ್ಲಿಸರಿನ್‌ನಲ್ಲಿಟ್ಟು, ಮುಂಭಾಗ ಮೇಲೆ ಬರುವಂತೆ ಮಲಗಿಸಿ ನೋಡಿ. ಬೆಳೆದ ಗಂಡಿನಲ್ಲಿ ಕೊಕ್ಕೆಯಂಥ ಚಾಚು ಮತ್ತು ಕೊಳವೆಯಂಥ ಚಾಚು ಎರಡೂ ಸ್ಪಷ್ಟವಾಗಿ, ಗಡಸಾಗಿ, ಸ್ವಲ್ಪ ಕಂದಾಗಿ ಕಾಣುತ್ತವೆ. ಮರಿಯಲ್ಲಿ ಅದೇ ಜಾಗದಲ್ಲಿ ಮೆತ್ತನೆಯ ಹಾಲೆ ಇರುತ್ತದೆ, ಕೊಕ್ಕೆ ಇನ್ನೂ ರೂಪ ತಳೆದಿರುವುದಿಲ್ಲ.

ಹೆಣ್ಣಿನ ವಿಷಯ: ಮ್ಯಾಂಟಿಸ್ ಸಿಗಡಿ ಏಡಿಯಂತೆ ಮೊಟ್ಟೆಗಳನ್ನು ಹೊಟ್ಟೆಯ ಕಾಲುಗಳಿಗೆ ಅಂಟಿಸಿಕೊಳ್ಳುವುದಿಲ್ಲ. ಮುದ್ದೆ ಮಾಡಿ ಬಿಲದೊಳಗೆ ಇಡುತ್ತದೆ, ಬಾಯಿಯ ಹತ್ತಿರದ ಕಾಲುಗಳಲ್ಲಿ ಹಿಡಿದುಕೊಂಡು ನೋಡಿಕೊಳ್ಳುತ್ತದೆ. ಕಲ್ಲು ಒಡೆದ ಗಳಿಗೆಯಲ್ಲಿ ಮುದ್ದೆಯನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಮೊಟ್ಟೆ ಕಾಣದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಎದೆಯ ಕೊನೆಯ ಮೂರು ಖಂಡಗಳ ಅಡಿಭಾಗ ನೋಡಿ. ಮೊಟ್ಟೆ ಇಡಲು ಸಿದ್ಧವಾದ ಹೆಣ್ಣಿನಲ್ಲಿ ಅಂಟುಗ್ರಂಥಿಗಳು ಹಾಲಿನಂಥ ಬಿಳಿ ಪಟ್ಟಿಗಳಾಗಿ ಚರ್ಮದ ಒಳಗಿಂದಲೇ ಕಾಣುತ್ತವೆ. ಅಂಡಾಶಯ ಬೆನ್ನಿನ ಉದ್ದಕ್ಕೂ ಸಾಗಿ ಟೆಲ್ಸನ್ನಿನೊಳಗೂ ಚಾಚಿರುತ್ತದೆ. ಜೀವಂತ ಫೋಟೋದಲ್ಲಿ ಟೆಲ್ಸನ್ ಒಳಗೆ ಹಳದಿ ಅಥವಾ ಕಿತ್ತಳೆ ಛಾಯೆ ಇದೆಯೇ ನೋಡಿ. ಇವುಗಳಲ್ಲಿ ಒಂದಾದರೂ ಸಿಕ್ಕರೆ ಪ್ರೌಢ ಹೆಣ್ಣು ಎಂದು ಧೈರ್ಯವಾಗಿ ಬರೆಯಬಹುದು. ಸಿಗದಿದ್ದರೆ "ಪ್ರೌಢತೆ ತಿಳಿದಿಲ್ಲ" ಎಂದೇ ಬರೆಯಿರಿ.

#5 ಗಾಜಿನಸೀಸೆ

ಮಧ್ಯೆ ಬರುತ್ತಿದ್ದೇನೆ, ಏಕೆಂದರೆ ಇದು ಕಾಯುವ ಕೆಲಸವಲ್ಲ. 95% ಎಥನಾಲ್‌ನಲ್ಲಿ 15 ಮಿ.ಮೀ. ಪ್ರಾಣಿ ವಾರಗಳಲ್ಲೇ ಪೆಡಸಾಗುತ್ತದೆ. ಆಮೇಲೆ ಬೇಟೆಗಾಲು ಬಿಡಿಸಲು ಹೋದರೆ ಗೆಣ್ಣಿನಲ್ಲೇ ಮುರಿಯುತ್ತದೆ, ಮೀಸೆಯ ಎಳೆಗಳು ಉದುರುತ್ತವೆ. ಡಿಎನ್ಎಗೆ ಬೇಕಾದ ತುಂಡನ್ನು ತೆಗೆದು 95%ರಲ್ಲೇ ಸಣ್ಣ ಟ್ಯೂಬಿನಲ್ಲಿಟ್ಟು ಮೈನಸ್ 20 ಡಿಗ್ರಿಗೆ ಹಾಕಿ. ಉಳಿದ ದೇಹವನ್ನು ಒಂದು ದಿನ 85%ರಲ್ಲಿ, ನಂತರ 75%ರಲ್ಲಿ ಇಡಿ. 1 ಲೀಟರ್ 75% ದ್ರಾವಣಕ್ಕೆ 95% ಎಥನಾಲ್ 790 ಮಿ.ಲೀ. ತೆಗೆದುಕೊಂಡು, ಬಟ್ಟಿ ಇಳಿಸಿದ ನೀರು ಸೇರಿಸಿ 1 ಲೀಟರ್ ಮಾಡಿ. ಪ್ರಾಣಿಯ ಗಾತ್ರದ ಹತ್ತು ಪಟ್ಟಾದರೂ ದ್ರಾವಣ ಇರಲಿ, 24 ಗಂಟೆಯ ನಂತರ ಒಮ್ಮೆ ಬದಲಿಸಿ. ದೇಹದಿಂದ ಹೊರಬಂದ ನೀರು ಸೇರಿ ಮೊದಲ ದ್ರಾವಣ ತೆಳುವಾಗಿರುತ್ತದೆ.

ತುಂಡು ತೆಗೆಯುವಾಗ ಎಡಗಡೆಯಿಂದ ತೆಗೆಯಿರಿ: ಎಡಗಡೆಯ ಮೂರನೇ, ನಾಲ್ಕನೇ ಈಜುಗಾಲುಗಳು ಸಾಕು. ಮೊದಲ ಈಜುಗಾಲು ಮುಟ್ಟಬೇಡಿ, ಗಂಡಿನಲ್ಲಿ ಪೆಟಾಸ್ಮಾ ಅಲ್ಲೇ ಇದೆ. ಬಲಭಾಗ ಪೂರ್ತಿ ಉಳಿದರೆ ಚಿತ್ರಕ್ಕೂ ಹೋಲಿಕೆಗೂ ಅನುಕೂಲ. ಬಹುತೇಕ ವಿವರಣೆಗಳಲ್ಲಿ ಚಿತ್ರ ಬಲಗಡೆಯದೇ ಇರುತ್ತದೆ.

ಚೀಟಿ ಸೀಸೆಯ ಒಳಗಿರಲಿ. ಹತ್ತಿಯ ಕಾಗದ, ಪೆನ್ಸಿಲ್ ಅಥವಾ ಎಥನಾಲ್‌ಗೆ ಕರಗದ ಇಂಡಿಯನ್ ಇಂಕ್. ಬಾಲ್‌ಪೆನ್ ಬರಹ ಎಥನಾಲ್‌ನಲ್ಲಿ ಕರಗಿ ಹೋಗುತ್ತದೆ, ಹೊರಗೆ ಅಂಟಿಸಿದ ಚೀಟಿ ಬಿದ್ದುಹೋಗುತ್ತದೆ. ಅಕ್ಷಾಂಶ, ರೇಖಾಂಶ, ಆಳ, ದಿನಾಂಕ, ಯಾವ ಬಗೆಯ ತಳ, ಯಾರು ಹಿಡಿದರು, ಮಾದರಿ ಸಂಖ್ಯೆ. ಅದೇ ಸಂಖ್ಯೆ ಅಂಗಾಂಶದ ಟ್ಯೂಬಿನ ಮೇಲೂ ಫೋಟೋದ ಫೈಲ್ ಹೆಸರಿನಲ್ಲೂ ಇರಲಿ. ಚೀಟಿ ಕಳೆದುಕೊಂಡ ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗಿ ನಿಗದಿ ಮಾಡಿದ ಒಂದೇ ಮಾದರಿ) ಎಷ್ಟು ಚೆನ್ನಾಗಿ ಉಳಿದಿದ್ದರೂ ಎಲ್ಲಿಯದೆಂದು ಹೇಳಲಾರದು.

#6 ಜೀನ್‌ದಾರ

ಗಾಜಿನಸೀಸೆ ಅವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ: ಮುಂದಿನ ಸಲ ಹಿಡಿದಾಗ ದೇಹದ ಆಕಾರ ಚೆನ್ನಾಗಿ ಉಳಿಯಲಿ ಎಂದು ಯಾರಾದರೂ ಫಾರ್ಮಲಿನ್ ಸಲಹೆ ಕೊಟ್ಟರೆ ಒಪ್ಪಬೇಡಿ. ಫಾರ್ಮಲಿನ್ ಡಿಎನ್ಎಯನ್ನು ಚೂರುಮಾಡುತ್ತದೆ, ಪ್ರೋಟೀನಿಗೆ ಬೆಸೆಯುತ್ತದೆ. ಹೋಲೋಟೈಪಿನಿಂದಲೇ ಸೀಕ್ವೆನ್ಸ್ ಬೇಕು ಎನ್ನುವ ಕಾಲದಲ್ಲಿ ಅದು ಬಾಗಿಲು ಮುಚ್ಚಿದ ಹಾಗೆ.

#7 ಗಾಜಿನಸೀಸೆ

ಇಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಾದರಿಗಳು ಎರಡೇ ಇದ್ದರೆ ನಿಮ್ಮ ಮಾತು ಸರಿ. ಎಂಟು ಹತ್ತು ಇದ್ದರೆ, ಎಲ್ಲದರಿಂದಲೂ ಮೊದಲು ಅಂಗಾಂಶ ತೆಗೆದು ಎಥನಾಲ್‌ಗೆ ಹಾಕಿ, ಅವುಗಳಲ್ಲಿ ಎರಡು ಮೂರನ್ನು ಬೊರಾಕ್ಸ್ ಹಾಕಿ ಆಮ್ಲೀಯತೆ ಕಳೆದ 10% ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಗಟ್ಟಿಮಾಡಿ, ತೊಳೆದು 75% ಎಥನಾಲ್‌ಗೆ ತಂದರೆ ಎರಡೂ ಕಡೆಯ ಲಾಭ ಸಿಗುತ್ತದೆ. ಎಥನಾಲ್ ಮಾತ್ರ ಕಂಡ ಪ್ರಾಣಿಯ ಕಣ್ಣು ಕುಗ್ಗಿ ಕಾರ್ನಿಯಾ ಒಳಕ್ಕೆ ಕುಸಿಯುವುದುಂಟು, ಮ್ಯಾಂಟಿಸ್ ಸಿಗಡಿಯಲ್ಲಿ ಕಾರ್ನಿಯಾದ ಅಳತೆ ಬಹಳ ಮುಖ್ಯ. ಆದರೆ ಬೊರಾಕ್ಸ್ ಮರೆತರೆ ಆಮ್ಲೀಯ ಫಾರ್ಮಲಿನ್ ಚಿಪ್ಪಿನ ಸುಣ್ಣವನ್ನೇ ಕರಗಿಸುತ್ತದೆ.

ಇನ್ನೊಂದು, ಕೊಲ್ಲುವ ಕ್ರಮ. ಜೀವಂತ ಪ್ರಾಣಿಯನ್ನು ನೇರ ಎಥನಾಲ್‌ಗೆ ಹಾಕಿದರೆ ನರಳಿ ಸುರುಟಿಕೊಳ್ಳುತ್ತದೆ, ಬೇಟೆಗಾಲನ್ನು ಬಿಗಿಯಾಗಿ ಮಡಚಿ ಸಾಯುತ್ತದೆ, ಕೆಲವೊಮ್ಮೆ ಕಾಲು ಕಳಚುತ್ತದೆ. ಮೊದಲು ಪ್ರಜ್ಞೆ ತಪ್ಪಿಸಿ. ಲವಂಗದ ಎಣ್ಣೆ 1 ಭಾಗವನ್ನು 9 ಭಾಗ ಎಥನಾಲ್‌ನಲ್ಲಿ ಕದಡಿ, ಸಮುದ್ರದ ನೀರಿಗೆ ಹನಿಹನಿಯಾಗಿ ಬಿಡಿ. ಎಣ್ಣೆಯನ್ನು ನೇರ ಸುರಿದರೆ ಮೇಲೆ ತೇಲುತ್ತದೆ, ಕೆಲಸ ಮಾಡುವುದಿಲ್ಲ. ಈಜುಗಾಲುಗಳ ಬಡಿತ ನಿಂತು, ಕಣ್ಣನ್ನು ಕುಂಚದಿಂದ ಮುಟ್ಟಿದರೂ ಅಲುಗದಿದ್ದಾಗ ಮಾತ್ರ ಮುಂದಿನ ಹಂತ.

#8 ಕಿರುಮುಳ್ಳು

ಈಗ ಅಳತೆ. ನಾಲ್ಕು ಅಂಕಿಗಳಿಲ್ಲದೆ ಯಾರೂ ನಿಮ್ಮ ಪ್ರಾಣಿಯನ್ನು ಇನ್ನೊಂದಕ್ಕೆ ಹೋಲಿಸಲಾರರು.

ಒಟ್ಟು ಉದ್ದ: ಬೆನ್ನಿನ ನಡುಗೆರೆಯಲ್ಲಿ, ರಾಸ್ಟ್ರಲ್ ಪ್ಲೇಟಿನ ತುದಿಯಿಂದ ಟೆಲ್ಸನ್ನಿನ ಉಪಮಧ್ಯ ಹಲ್ಲುಗಳ ತುದಿಯವರೆಗೆ. ಕ್ಯಾರಪೇಸ್ (ತಲೆ, ಎದೆಯ ಮೇಲಿನ ಬೆನ್ನುಚಿಪ್ಪು) ಉದ್ದ: ನಡುಗೆರೆಯಲ್ಲೇ, ರಾಸ್ಟ್ರಲ್ ಪ್ಲೇಟನ್ನು ಬಿಟ್ಟು. ಕಾರ್ನಿಯಾದ ಅಗಲ. ಐದನೇ ಉದರಖಂಡದ ಅಗಲ. ಇವುಗಳಿಂದ ಎರಡು ಸೂಚ್ಯಂಕಗಳು ಬರುತ್ತವೆ. ಕಾರ್ನಿಯಾ ಸೂಚ್ಯಂಕವೆಂದರೆ ಕ್ಯಾರಪೇಸ್ ಉದ್ದವನ್ನು 100ರಿಂದ ಗುಣಿಸಿ ಕಾರ್ನಿಯಾದ ಅಗಲದಿಂದ ಭಾಗಿಸಿದ್ದು. ಉದರದ ಸೂಚ್ಯಂಕವೆಂದರೆ ಐದನೇ ಖಂಡದ ಅಗಲವನ್ನು 100ರಿಂದ ಗುಣಿಸಿ ಕ್ಯಾರಪೇಸ್ ಉದ್ದದಿಂದ ಭಾಗಿಸಿದ್ದು.

ಸಣ್ಣ ಪ್ರಾಣಿಯಲ್ಲಿ ಎಡವುವುದು ಇಲ್ಲೇ. ಕ್ಯಾರಪೇಸ್ 4.2 ಮಿ.ಮೀ., ಕಾರ್ನಿಯಾ 1.1 ಮಿ.ಮೀ. ಇದ್ದರೆ ಸೂಚ್ಯಂಕ 382. ಕಾರ್ನಿಯಾವನ್ನು 1.0 ಎಂದು ಓದಿದರೆ 420, 1.2 ಎಂದು ಓದಿದರೆ 350. ಅಂದರೆ 0.1 ಮಿ.ಮೀ. ತಪ್ಪು ಓದಿದ್ದಕ್ಕೆ ಮೂವತ್ತು ನಲವತ್ತು ಅಂಕದ ವ್ಯತ್ಯಾಸ. ಎರಡು ಪ್ರಭೇದಗಳನ್ನು ಬೇರೆ ಮಾಡುವಷ್ಟು ದೊಡ್ಡ ಅಂತರ ಕೈತಪ್ಪಿನಿಂದಲೇ ಹುಟ್ಟಿಬಿಡುತ್ತದೆ. ಆದ್ದರಿಂದ ಕ್ಯಾಲಿಪರ್ ಬಿಡಿ, ಕಣ್ಣುಮಸೂರದ ಅಳತೆಗಾಜು ಬಳಸಿ. 10 ಮಿ.ಮೀ.ಯನ್ನು 100 ಮನೆ ಮಾಡಿದ ಗಾಜಾದರೆ, ವಸ್ತುಮಸೂರ 4 ಪಟ್ಟು ಇದ್ದಾಗ ಒಂದು ಮನೆ 0.025 ಮಿ.ಮೀ.ಗೆ ಸಮ. ಝೂಮ್ ತಿರುಗಿಸಿದ ಪ್ರತಿ ಸಲವೂ ಸ್ಟೇಜ್ ಮೈಕ್ರೋಮೀಟರ್ (ನಿಖರ ಅಳತೆ ಗೀಚಿದ ಗಾಜಿನ ಪಟ್ಟಿ) ಇಟ್ಟು ಮತ್ತೆ ಹೊಂದಿಸಿಕೊಳ್ಳಿ. ಪ್ರತಿ ಅಳತೆಯನ್ನೂ ಮೂರು ಸಲ, ಮಧ್ಯೆ ಪ್ರಾಣಿಯನ್ನು ತೆಗೆದು ಮತ್ತೆ ಇಟ್ಟು ತೆಗೆದುಕೊಳ್ಳಿ. ಕಾರ್ನಿಯಾ ಮಸೂರಕ್ಕೆ ಚಪ್ಪಟೆಯಾಗಿ ಎದುರಾಗದೆ ಓರೆಯಾಗಿದ್ದರೆ ಅಗಲ ಯಾವಾಗಲೂ ಕಡಿಮೆಯೇ ಬರುತ್ತದೆ. ಕಣ್ಣಿನ ದಂಟಿನ ಕೆಳಗೆ ಒಂದು ಚೂರು ಮೇಣ ಇಟ್ಟು ಮಟ್ಟ ಮಾಡಿ.

ಇನ್ನೂ ಒಂದು. ಕಣ್ಣು ಕ್ಯಾರಪೇಸಿನಷ್ಟು ವೇಗವಾಗಿ ಬೆಳೆಯುವುದಿಲ್ಲ. ಹಾಗಾಗಿ ಒಂದೇ ಪ್ರಭೇದದಲ್ಲಿ ಪ್ರಾಣಿ ದೊಡ್ಡದಾದಂತೆ ಸೂಚ್ಯಂಕ ಏರುತ್ತದೆ. ನಿಮ್ಮ 17 ಮಿ.ಮೀ. ಗಂಡನ್ನು ಬೇರೆ ಪ್ರಭೇದದ 40 ಮಿ.ಮೀ. ಗಂಡಿನೊಡನೆ ಹೋಲಿಸಿ "ಕಣ್ಣು ದೊಡ್ಡದು" ಎಂದು ಬರೆದರೆ ನೀವು ಅಳೆದದ್ದು ವಯಸ್ಸನ್ನು. ಸಮಗಾತ್ರದ ಮಾದರಿ ಸಿಗದಿದ್ದರೆ, ಕ್ಯಾರಪೇಸ್ ಉದ್ದದ ಎದುರು ಸೂಚ್ಯಂಕವನ್ನು ನಕ್ಷೆಯಲ್ಲಿ ಹಾಕಿ, ಎರಡೂ ಪ್ರಭೇದಗಳ ಚುಕ್ಕಿಗಳು ಒಂದೇ ಓಟದಲ್ಲಿ ಕೂರುತ್ತವೆಯೋ ಬೇರೆ ಬೇರೆಯೋ ನೋಡಿ.

#9 ಹವಳಬಂಡೆ

ಒಂದು ಗಂಡಿನಲ್ಲಿ ಎಡ ಬೇಟೆಗಾಲು ಬಲದ್ದಕ್ಕಿಂತ ಸಣ್ಣದು, ತುದಿಗೆಣ್ಣಿನ ಉಬ್ಬು ಕಡಿಮೆ. ಇದನ್ನು ವ್ಯತ್ಯಾಸವೆಂದು ದಾಖಲಿಸಬೇಕೇ? ಇನ್ನೊಂದರ ಟೆಲ್ಸನ್ನಿನ ಬಲಗಡೆ ಮಧ್ಯಂತರ ಕಿರುಹಲ್ಲು ಕಾಣುತ್ತಿಲ್ಲ.

#10 ಕಿರುಮುಳ್ಳು

ಸಣ್ಣ ಬೇಟೆಗಾಲು ಕಳಚಿಹೋಗಿ ಮತ್ತೆ ಬೆಳೆಯುತ್ತಿರುವುದು. ಮತ್ತೆ ಬೆಳೆದ ಕಾಲಿನಲ್ಲಿ ಆಕಾರವೂ ಹಲ್ಲಿನ ಸಂಖ್ಯೆಯೂ ನಂಬಲು ಬರುವುದಿಲ್ಲ. ಮರಳಿನಲ್ಲಿ ಬಿಲ ತೋಡುವ ನ್ಯಾನೊಸ್ಕ್ವಿಲ್ಲಿಡೀ ಪ್ರಾಣಿಗಳಲ್ಲಿ ತುದಿಗೆಣ್ಣಿನ ಹಲ್ಲುಗಳ ಎಣಿಕೆಯೇ ಮುಖ್ಯ ಲಕ್ಷಣ, ಅಲ್ಲಂತೂ ಎರಡೂ ಕಡೆ ಎಣಿಸಿ ಎರಡನ್ನೂ ಬರೆಯಲೇಬೇಕು.

ಟೆಲ್ಸನ್ ಬಗ್ಗೆ: ಗುದ್ದುವ ಮ್ಯಾಂಟಿಸ್ ಸಿಗಡಿಗಳು ಜಗಳದಲ್ಲಿ ಎದುರಾಳಿಯ ಹೊಡೆತವನ್ನು ಟೆಲ್ಸನ್ನಿನ ಮೇಲೆ ತೆಗೆದುಕೊಳ್ಳುತ್ತವೆ. ಮುಳ್ಳು ಸವೆಯುವುದು, ಮುರಿಯುವುದು ಸಾಮಾನ್ಯ. ಮುರಿದ ಜಾಗವನ್ನು ಬದಿಯಿಂದ ಬೆಳಕು ಬಿಟ್ಟು ನೋಡಿ. ಹುಟ್ಟಿನಿಂದ ಇಲ್ಲದ ಅಂಚು ನಯವಾಗಿ ಓಡುತ್ತದೆ; ಮುರಿದದ್ದರಲ್ಲಿ ಒರಟು ತುದಿ ಅಥವಾ ಕಪ್ಪಾದ ಗಾಯದ ಕಲೆ ಇರುತ್ತದೆ. ಹೀಗೆ ಗಾಯವಾದದ್ದನ್ನು ಹೋಲೋಟೈಪ್ ಮಾಡಬೇಡಿ.

#11 ರೇಖೆನೆರಳು

ಚಿತ್ರದ ಬಗ್ಗೆ. ಫೋಟೋ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್ಸಿನ ಫೋಟೋಗಳನ್ನು ಒಂದಾಗಿಸುವುದು) ಬಂದ ಮೇಲೆ ರೇಖಾಚಿತ್ರ ಬೇಡ ಎನ್ನುವವರಿದ್ದಾರೆ. ಈ ಗಾತ್ರದಲ್ಲಿ ನಾನು ಒಪ್ಪುವುದಿಲ್ಲ. ಅರೆಪಾರದರ್ಶಕ ಟೆಲ್ಸನ್ನಿನ ಫೋಟೋದಲ್ಲಿ ಮೇಲಿನ ಏಣು, ಕೆಳಗಿನ ಏಣು, ಒಳಗಿನ ಸ್ನಾಯು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಯಾವ ಗೆರೆ ಮೇಲ್ಮೈಯದು ಎಂದು ತೀರ್ಮಾನಿಸಿ ಕೊಡುವುದೇ ಚಿತ್ರಗಾರರ ಕೆಲಸ.

ಕನಿಷ್ಠ ಬೇಕಾದವು: ತಲೆಯ ಭಾಗ ಮೇಲಿನಿಂದ, ಅಂದರೆ ಕಣ್ಣುಗಳು, ಕಣ್ಣಿನ ಬುಡದ ಹುರುಪೆಗಳು, ರಾಸ್ಟ್ರಲ್ ಪ್ಲೇಟ್, ಕ್ಯಾರಪೇಸಿನ ಮುಂಭಾಗ, ಬಲ ಬೇಟೆಗಾಲು ಬದಿಯಿಂದ, ಎದೆಯ ಐದರಿಂದ ಎಂಟನೇ ಖಂಡಗಳ ಬಲಬದಿ, ಐದು, ಆರನೇ ಉದರಖಂಡ, ಟೆಲ್ಸನ್ ಮತ್ತು ಯೂರೊಪಾಡ್ (ಟೆಲ್ಸನ್ನಿನ ಎರಡೂ ಪಕ್ಕದ ಬಾಲಗಾಲು) ಮೇಲಿನಿಂದ, ಬಲ ಯೂರೊಪಾಡ್ ಕೆಳಗಿನಿಂದ, ಟೆಲ್ಸನ್ ಬದಿಯಿಂದ, ಪೆಟಾಸ್ಮಾ ಮುಂಭಾಗದಿಂದ. ಬದಿಯ ನೋಟವನ್ನು ಬಹಳ ಮಂದಿ ಬಿಡುತ್ತಾರೆ. ಏಣು ಎಷ್ಟು ಉಬ್ಬಿದೆ ಎಂಬುದು ಮೇಲಿನಿಂದ ಕಾಣುವುದೇ ಇಲ್ಲ.

ಏಣುಗಳು ಕಾಣದಿದ್ದರೆ ಒಂದು ಉಪಾಯ: ಪ್ರಾಣಿಯನ್ನು ಎಥನಾಲ್‌ನಿಂದ ತೆಗೆದು, ಟೆಲ್ಸನ್ನಿನ ಮೇಲ್ಮೈ ಮಾತ್ರ ಆರುವ ತನಕ ನೋಡುತ್ತಾ ಇರಿ. ದ್ರವ ಹಿಂಜರಿಯುವಾಗ ಒಂದು ಗಳಿಗೆ ಏಣುಗಳ ನೆತ್ತಿ ಮಂಕಾಗಿ, ಕಣಿವೆಗಳು ಹೊಳೆಯುತ್ತಾ ಉಳಿಯುತ್ತವೆ. ಆ ಗಳಿಗೆಯಲ್ಲಿ ಇಡೀ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ. ತಕ್ಷಣ ಮತ್ತೆ ಮುಳುಗಿಸಿ, ಪೂರ್ತಿ ಒಣಗಿದರೆ ಮೀಸೆಯೂ ಕೂದಲುಗಳೂ ಹಾಳು. ಮೆಥಿಲೀನ್ ನೀಲಿಯ ತೆಳು ಬಣ್ಣವೂ ಆಗುತ್ತದೆ, ಕಿರುಹಲ್ಲುಗಳ ನಡುವಿನ ಸಂದುಗಳಲ್ಲಿ ನಿಲ್ಲುತ್ತದೆ, ಎಥನಾಲ್‌ನಲ್ಲಿ ತೊಳೆದರೆ ಹೆಚ್ಚಿನದು ಹೋಗುತ್ತದೆ.

ಡ್ರಾಯಿಂಗ್ ಟ್ಯೂಬಿನಲ್ಲಿ (ಸೂಕ್ಷ್ಮದರ್ಶಕದ ನೋಟವನ್ನೂ ಹಾಳೆಯನ್ನೂ ಒಟ್ಟಿಗೆ ತೋರಿಸುವ ಸಾಧನದಲ್ಲಿ) ಬರೆಯುವಾಗ ಅಳತೆಗೆರೆಯನ್ನೂ ಅದೇ ಝೂಮಿನಲ್ಲಿ, ಅದೇ ಹಾಳೆಯ ಮೇಲೆ ಆಗಲೇ ಎಳೆದುಕೊಳ್ಳಿ. ಆಮೇಲೆ ಲೆಕ್ಕ ಹಾಕಿ ಸೇರಿಸಿದ ಅಳತೆಗೆರೆಗಳು ತಪ್ಪಿರುವುದೇ ಹೆಚ್ಚು.

#12 ಹವಳಬಂಡೆ

ಪೆಟಾಸ್ಮಾ ನೋಡಿದೆ. 16ರಿಂದ 19 ಮಿ.ಮೀ.ನ ಮೂರು ಗಂಡುಗಳಲ್ಲಿ ಕೊಕ್ಕೆ ಮತ್ತು ಕೊಳವೆ ಎರಡೂ ಗಡಸಾಗಿವೆ. 13 ಮಿ.ಮೀ.ದರಲ್ಲಿ ಮೆತ್ತಗಿದೆ. 18 ಮಿ.ಮೀ. ಹೆಣ್ಣಿನ ಎದೆಯ ಅಡಿಯಲ್ಲಿ ಬಿಳಿ ಪಟ್ಟಿಗಳಿವೆ, ಇನ್ನೊಂದರಲ್ಲಿ ಇಲ್ಲ.

ಬೇಟೆಗಾಲಿನ ಮೇಲ್ಗೆಣ್ಣಿನ ಒಳಮೈಯಲ್ಲಿ ಒಂದು ಬಣ್ಣದ ಮಚ್ಚೆ ಇದೆ. ಇದಕ್ಕೆ ಎಷ್ಟು ಮಹತ್ವ ಕೊಡಬಹುದು?

#13 ಕಿರುಮುಳ್ಳು

ಹಾಗಾದರೆ ಪ್ರೌಢವೇ. ಮೊದಲ ಗಂಟು ಬಿಡಿಸಿದಿರಿ, ಬಹಳ ಸಂತೋಷ.

ಮೇಲ್ಗೆಣ್ಣಿನ ಮಚ್ಚೆಗೆ ದೊಡ್ಡ ಮಹತ್ವ ಇದೆ. ಎದುರಾಳಿಗೆ ಕಾಲು ಅಗಲಿಸಿ ತೋರಿಸುವ ಗುರುತು ಅದು, ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಇರುತ್ತದೆ. ನಿಯೊಗೊನೊಡ್ಯಾಕ್ಟೈಲಸ್ ಜೀನಸ್ಸಿನಲ್ಲಿ ಬ್ರೆಡಿನೈ ಪ್ರಭೇದಕ್ಕೆ ಬಿಳಿ, ಅರ್ಸ್ಟೆಡೈ ಪ್ರಭೇದಕ್ಕೆ ನೇರಳೆ. ಗೊನೊಡ್ಯಾಕ್ಟೈಲಸ್ ಸ್ಮಿತಿಯೈ ಕೂಡ ನೇರಳೆ ಮಚ್ಚೆಗೇ ಹೆಸರಾದದ್ದು. ಆ ಸ್ಮಿತಿಯೈ, ಪ್ಲಾಟಿಸೋಮಾ ಮುಂತಾದವನ್ನು ಒಂದು ಕಾಲದಲ್ಲಿ 1781ರಷ್ಟು ಹಿಂದೆಯೇ ಹೆಸರು ಪಡೆದ ಕೈರಾಗ್ರಾ ಪ್ರಭೇದದ ಬಗೆಗಳೆಂದಷ್ಟೇ ಎಣಿಸುತ್ತಿದ್ದರು. ಎಥನಾಲ್‌ನಲ್ಲಿ ಬಿಳಿಚಿಕೊಂಡ ಮಾದರಿಗಳನ್ನು ಮಾತ್ರ ನೋಡುತ್ತಿದ್ದವರಿಗೆ ಬಣ್ಣದ ಸುಳಿವು ಸಿಗುವ ಹಾಗಿರಲಿಲ್ಲ.

ಕೆಂಪು, ಕಿತ್ತಳೆ ಬಣ್ಣಗಳು ಎಥನಾಲ್‌ನಲ್ಲಿ ಬೇಗ ಹೋಗುತ್ತವೆ, ಕಡುಕಂದು ಸ್ವಲ್ಪ ಕಾಲ ನಿಲ್ಲುತ್ತದೆ. ಆದ್ದರಿಂದ ಮಚ್ಚೆಯ ಫೋಟೋದಲ್ಲಿ ಬಣ್ಣದ ಪಟ್ಟಿಯೂ ಅಳತೆಯೂ ಇರಬೇಕು, ಪ್ರಾಣಿ ಶುದ್ಧ ಸಮುದ್ರದ ನೀರಿನೊಳಗೆ ಮುಳುಗಿರಬೇಕು, ಹೊರಗಿದ್ದರೆ ಹೊಳಪು ಬಣ್ಣವನ್ನು ತಿನ್ನುತ್ತದೆ. ಒಂದು ಎಚ್ಚರಿಕೆ: ಮೈಬಣ್ಣ ಒಂದೇ ಪ್ರಭೇದದಲ್ಲೂ ಹಸಿರು, ಕಂದು, ಚುಕ್ಕೆ ಎಂದು ಬದಲಾಗುತ್ತದೆ. ಮಚ್ಚೆಯನ್ನು ಗುರುತಿಗೆ ಬಳಸಿ, ಮೈಬಣ್ಣವನ್ನು "ಜೀವಂತ ಬಣ್ಣ" ಎಂಬ ಬೇರೆ ಪ್ಯಾರಾದಲ್ಲಿ ವಿವರಿಸಿ, ಎರಡನ್ನೂ ಬೆರೆಸಬೇಡಿ.

#14 ಜೀನ್‌ದಾರ

ಸೀಕ್ವೆನ್ಸಿಂಗ್: ಮೈಟೋಕಾಂಡ್ರಿಯಾದ ಸಿಒಐ ಜೀನಿನಲ್ಲಿ ಪ್ರಭೇದ ಗುರುತಿಸಲು ಬಳಸುವ 658 ಅಕ್ಷರಗಳ ಬಾರ್‌ಕೋಡ್ ಭಾಗ, ಜೊತೆಗೆ ಅಲ್ಲಿಯದೇ 16ಎಸ್ ಜೀನು. ಸಿಒಐಗೆ 1994ರ ಫೋಲ್ಮರ್ ಪ್ರೈಮರ್‌ಗಳಿಂದ (ನಕಲು ಮಾಡಬೇಕಾದ ಜಾಗಕ್ಕೆ ಅಂಟುವ ಡಿಎನ್ಎ ಚೂರುಗಳಿಂದ) ಶುರು ಮಾಡಿ. ಬ್ಯಾಂಡ್ ಬರದಿದ್ದರೆ ಅದೇ ಜಾಗಕ್ಕೆ ಮಾಡಿದ ಡಿಜೆನರೇಟ್ ಪ್ರೈಮರ್ (ಕೆಲವು ಅಕ್ಷರಗಳು ಬೇರೆ ಇದ್ದರೂ ಅಂಟುವಂಥದ್ದು) ಹಾಕಿ.

ಸೀಕ್ವೆನ್ಸ್ ಬಂದ ಕೂಡಲೇ ವಂಶವೃಕ್ಷ ಕಟ್ಟಲು ಓಡಬೇಡಿ. ಸಿಗಡಿ, ಏಡಿಗಳ ಗುಂಪಿನಲ್ಲಿ ಸಿಒಐ ನಕಲುಗಳು ಕೋಶಕೇಂದ್ರದ ಜೀನೋಮಿನಲ್ಲೂ ಸೇರಿಕೊಂಡಿರುತ್ತವೆ, ಪ್ರೈಮರ್ ಅದನ್ನೇ ಹಿಡಿದುಬಿಡಬಹುದು. ಅಕಶೇರುಕಗಳ ಮೈಟೋಕಾಂಡ್ರಿಯಾ ಸಂಕೇತಪಟ್ಟಿ, ಅಂದರೆ 5ನೇ ಪಟ್ಟಿ, ಹಾಕಿ ಅನುವಾದಿಸಿ. ನಡುವೆ ಸ್ಟಾಪ್ ಕೋಡಾನ್ (ಅನುವಾದ ನಿಲ್ಲಿಸುವ ಸಂಕೇತ) ಬಂದರೆ, ಮೂರರ ಲೆಕ್ಕ ತಪ್ಪಿಸುವ ಅಂತರ ಬಂದರೆ, ಕ್ರೊಮಾಟೋಗ್ರಾಮಿನಲ್ಲಿ (ಸೀಕ್ವೆನ್ಸರ್ ಕೊಡುವ ಅಲೆನಕ್ಷೆಯಲ್ಲಿ) ಜೋಡಿ ಶಿಖರಗಳು ಸಾಲಾಗಿ ಕಂಡರೆ ಅದು ನಕಲು. ಅಂಥ ಸೀಕ್ವೆನ್ಸಿನಿಂದ ಹುಟ್ಟಿದ "ಹೊಸ ಪ್ರಭೇದ" ಕಾಗದದ ಮೇಲೆ ಮಾತ್ರ ಇರುತ್ತದೆ.

#15 ಹವಳಬಂಡೆ

ಹತ್ತಿರದ ಪ್ರಭೇದಕ್ಕಿಂತ ಸಿಒಐ ವ್ಯತ್ಯಾಸ 8% ಬಂತು ಎಂದುಕೊಳ್ಳೋಣ. ಅಷ್ಟಕ್ಕೇ ಹೊಸ ಪ್ರಭೇದ ಎನ್ನಬಹುದೇ?

#16 ಜೀನ್‌ದಾರ

ಶೇಕಡಾ ಅಂಕಿ ಒಂದೇ ಸಾಲದು. ನಿಮ್ಮ ಮಾದರಿಗಳ ನಡುವಿನ ವ್ಯತ್ಯಾಸ ಎಷ್ಟು, ಹತ್ತಿರದ ಪ್ರಭೇದದೊಳಗಿನ ವ್ಯತ್ಯಾಸ ಎಷ್ಟು, ಎರಡರ ನಡುವೆ ಖಾಲಿ ಜಾಗ ಇದೆಯೇ ಎಂದು ನೋಡಬೇಕು. ಹೋಲಿಕೆಗೆ ತೆಗೆದುಕೊಂಡ ಸಾರ್ವಜನಿಕ ಸೀಕ್ವೆನ್ಸ್ ಯಾವ ಮಾದರಿಯದು, ಆ ಮಾದರಿ ಯಾವ ಸಂಗ್ರಹದಲ್ಲಿದೆ ಎಂದೂ ನೋಡಿ. ಮಾದರಿ ಸಂಖ್ಯೆಯಿಲ್ಲದ ಸೀಕ್ವೆನ್ಸಿನ ಹೆಸರು ತಪ್ಪಿದ್ದರೆ ಪರೀಕ್ಷಿಸಲು ದಾರಿಯೇ ಇಲ್ಲ.

ಆದರೂ ಸೀಕ್ವೆನ್ಸ್ ಕೊಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಂಡೋ-ಪೆಸಿಫಿಕ್ ಹವಳದಿಬ್ಬಗಳ ಮ್ಯಾಂಟಿಸ್ ಸಿಗಡಿ ಲಾರ್ವಾಗಳನ್ನು ಬಾರ್‌ಕೋಡ್ ಮಾಡಿದ 2006ರ ಅಧ್ಯಯನದಲ್ಲಿ ಹಲವು ಲಾರ್ವಾ ಗುಂಪುಗಳು ಯಾವ ವಯಸ್ಕ ಪ್ರಭೇದದ ಸೀಕ್ವೆನ್ಸಿಗೂ ಹೊಂದಲಿಲ್ಲ. ಆ ಲಾರ್ವಾಗಳ ತಂದೆತಾಯಿ ನಿಮ್ಮ ಸೀಸೆಯಲ್ಲೇ ಇರಬಹುದು. ಸೀಕ್ವೆನ್ಸ್ ಇಲ್ಲದೆ ವಿವರಿಸಿದರೆ ಆ ಕೊಂಡಿ ಕೂಡುವುದಿಲ್ಲ.

#17 ಕಿರುಮುಳ್ಳು

ನಾನು ಇದನ್ನೇ ಇನ್ನೊಂದು ತುದಿಯಿಂದ ಹೇಳುತ್ತೇನೆ: ದೇಹದಲ್ಲಿ ಕಾಣುವ ಒಂದು ಲಕ್ಷಣವಾದರೂ ಇಲ್ಲದೆ ಸೀಕ್ವೆನ್ಸಿನ ಮೇಲೆ ಮಾತ್ರ ಹೆಸರು ಕೊಡಬೇಡಿ. ಕಲ್ಲು ಒಡೆದು ಪ್ರಾಣಿ ಹಿಡಿದವರ ಕೈಯಲ್ಲಿ ಮಸೂರ ಇರುತ್ತದೆ, ಸೀಕ್ವೆನ್ಸರ್ ಇರುವುದಿಲ್ಲ.

#18 ನಾಮಸೂತ್ರ

ಹೆಸರಿನ ನಿಯಮಗಳ ಬಗ್ಗೆ. ಈಗ ನಡೆಯುತ್ತಿರುವುದು 2000ದ ಜನವರಿ 1ರಿಂದ ಜಾರಿಗೆ ಬಂದ ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಾಲ್ಕನೇ ಆವೃತ್ತಿ. ಅದರ ಪ್ರಕಾರ ಹೆಸರು ಹೊಸದು ಎಂದು ಸ್ಪಷ್ಟವಾಗಿ ಹೇಳಿರಬೇಕು. ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಕೊಟ್ಟಿರಬೇಕು, ಚಿತ್ರ ಮಾತ್ರ ಸಾಲದು. ಹೋಲೋಟೈಪ್ ಯಾವುದೆಂದು ನಿಗದಿ ಮಾಡಿರಬೇಕು, ಅದು ಯಾವ ಸಂಗ್ರಹದಲ್ಲಿದೆ ಅಥವಾ ಯಾವುದಕ್ಕೆ ಸೇರಲಿದೆ, ಆ ಸಂಗ್ರಹ ಎಲ್ಲಿದೆ ಎಂದು ಬರೆದಿರಬೇಕು. ಮುದ್ರಣವಿಲ್ಲದೆ ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ, 2012ರ ತಿದ್ದುಪಡಿಯಂತೆ ಪ್ರಕಟಣೆಗೆ ಮುಂಚೆ ಝೂಬ್ಯಾಂಕ್‌ನಲ್ಲಿ (ಪ್ರಾಣಿಗಳ ಹೆಸರುಗಳ ಅಧಿಕೃತ ಆನ್‌ಲೈನ್ ನೋಂದಣಿ) ನೋಂದಾಯಿಸಿ ಆ ನೋಂದಣಿಯ ಪುರಾವೆ ಪ್ರಬಂಧದೊಳಗೇ ಇರಬೇಕು. ಆ ಪುರಾವೆ ಬಿಟ್ಟುಹೋದರೆ ಹೆಸರು ಸಂಹಿತೆಯ ಲೆಕ್ಕಕ್ಕೇ ಬರುವುದಿಲ್ಲ.

ಪ್ರಕಟಣೆಗೆ ಮುಂಚೆ ಹೆಸರನ್ನು ಇಲ್ಲಿಯೂ, ಸಮ್ಮೇಳನದ ಸಾರಾಂಶದಲ್ಲೂ, ಚಿತ್ರದ ಶೀರ್ಷಿಕೆಯಲ್ಲೂ ಹಾಕಬೇಡಿ. "ಗೊನೊಡ್ಯಾಕ್ಟೈಲೆಲ್ಲಸ್ ಪ್ರಭೇದ ಎ" ಎಂದರೆ ಸಾಕು. ವಿವರಣೆಯಿಲ್ಲದೆ ಹೊರಬಿದ್ದ ಬರೀ ಹೆಸರು ಮುಂದೆ ಎಲ್ಲರಿಗೂ ತಲೆನೋವು.

ವ್ಯಾಕರಣ: ಗೊನೊಡ್ಯಾಕ್ಟೈಲೆಲ್ಲಸ್ ಪುಲ್ಲಿಂಗ, ಸ್ಕ್ವಿಲ್ಲಾ ಎಂದು ಕೊನೆಯಾಗುವ ಜೀನಸ್ಸುಗಳು ಸ್ತ್ರೀಲಿಂಗ. ಗುಣವಾಚಕವಾದರೆ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ, ಮೊದಲನೆಯದರಲ್ಲಿ ಮಿನ್ಯೂಟಸ್, ಎರಡನೆಯದರಲ್ಲಿ ಮಿನ್ಯೂಟಾ. ನಾಮಪದವನ್ನು ಹಾಗೇ ಇಟ್ಟರೆ ಬದಲಾಗುವುದಿಲ್ಲ. ಹಾಗೆ ಇಟ್ಟಿದ್ದೀರಿ ಎಂದು ಹೆಸರಿನ ವಿವರಣೆಯಲ್ಲೇ ಬರೆಯಿರಿ. "ಸಣ್ಣದು" ಎಂಬ ಅರ್ಥದ ಹೆಸರನ್ನು ನಾನಂತೂ ಬೇಡ ಎನ್ನುತ್ತೇನೆ, ಈ ಜೀನಸ್ಸಿನಲ್ಲಿ ಎಲ್ಲವೂ ಸಣ್ಣವೇ. ಈಗ ಇದರಲ್ಲಿರುವ ಅನೇಕ ಪ್ರಭೇದಗಳಿಗೆ ಮೊದಲು ಗೊನೊಡ್ಯಾಕ್ಟೈಲಸ್ ಅಡಿಯಲ್ಲಿ ಹೆಸರು ಕೊಟ್ಟದ್ದು, ಹಾಗಾಗಿ ನೀವು ಆರಿಸಿದ ಹೆಸರು ಎರಡೂ ಜೀನಸ್ಸುಗಳಲ್ಲಿ ಬಳಕೆಯಾಗಿಲ್ಲ ಎಂದು ಖಚಿತಮಾಡಿಕೊಳ್ಳಿ.

ಹಿಡಿಯಲು ಪಡೆದ ಅನುಮತಿಯ ಸಂಖ್ಯೆಯನ್ನು ಪ್ರಬಂಧದಲ್ಲಿ ನಮೂದಿಸಿ. ಮಾದರಿ ಅಥವಾ ಡಿಎನ್ಎ ಗಡಿ ದಾಟುವುದಿದ್ದರೆ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ (ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭ ಹಂಚಿಕೆ ಕುರಿತದ್ದು) ಕಾಗದಪತ್ರಗಳು ಕಳಿಸುವ ಮುಂಚೆಯೇ ಕೈಯಲ್ಲಿರಲಿ.

#19 ಹವಳಬಂಡೆ

ವ್ಯತ್ಯಾಸಸೂಚಕ ಲಕ್ಷಣಗಳ ಪ್ಯಾರಾವನ್ನು ಹೀಗೆ ಬರೆದಿದ್ದೇನೆ: "ಗಾತ್ರ ಸಣ್ಣದು. ಕಣ್ಣು ಸಾಧಾರಣ. ಟೆಲ್ಸನ್ನಿನ ಏಣುಗಳು ತೆಳು. ಬಣ್ಣ ಹಸಿರು." ಕೊನೆಯ ಪ್ರಶ್ನೆ: ಆ 13 ಮಿ.ಮೀ. ಗಂಡನ್ನು ಪ್ಯಾರಾಟೈಪ್ (ಹೋಲೋಟೈಪಿನ ಜೊತೆಗೆ ವಿವರಣೆಯಲ್ಲಿ ಹೆಸರಿಸುವ ಉಳಿದ ಮಾದರಿ) ಮಾಡಬಹುದೇ?

#20 ಕಿರುಮುಳ್ಳು

ಪ್ಯಾರಾ ಬದಲಿಸಿ. "ಸಣ್ಣ", "ಸಾಧಾರಣ", "ತೆಳು" ಯಾವುದಕ್ಕೆ ಹೋಲಿಸಿ ಎಂದು ಓದಿದವರಿಗೆ ತಿಳಿಯುವುದಿಲ್ಲ. ಪ್ರತಿ ಮಾತಿಗೂ ಒಂದು ಆಧಾರ ಕೊಡಿ. ರಾಸ್ಟ್ರಲ್ ಪ್ಲೇಟಿನ ಮುಂದಿನ ಮೂಲೆ ಮುಂದಕ್ಕೆ ಬಾಗಿದೆಯೋ, ಅಡ್ಡಕ್ಕಿದೆಯೋ, ಹಿಂದಕ್ಕೆ ಇಳಿದಿದೆಯೋ. ಟೆಲ್ಸನ್ನಿನ ಮಧ್ಯದ ಏಣಿನ ಅಗಲ ಪಕ್ಕದ ಏಣಿಗಿಂತ ಎಷ್ಟು ಪಟ್ಟು, ಅದರ ಹಿಂತುದಿಯಲ್ಲಿ ಮುಳ್ಳು ಇದೆಯೋ ಇಲ್ಲವೋ. ಮಧ್ಯಂತರ ಕಿರುಹಲ್ಲು ಅಂಚಿನಿಂದ ಒಳಸರಿದಿದೆಯೋ, ಅಂಚಿಗೆ ಸಮವಾಗಿದೆಯೋ. ಯೂರೊಪಾಡಿನ ಹೊರಕವಲಿನಲ್ಲಿ ಅಲುಗಾಡುವ ಮುಳ್ಳುಗಳು ಎಷ್ಟು, ಎಡ ಬಲ ಎರಡೂ. ಪ್ರೌಢ ಮಾದರಿಗಳಲ್ಲಿ ಕಾರ್ನಿಯಾ ಸೂಚ್ಯಂಕ ಎಷ್ಟರಿಂದ ಎಷ್ಟು. ಮೇಲ್ಗೆಣ್ಣಿನ ಮಚ್ಚೆಯ ಬಣ್ಣ. ಆಮೇಲೆ ಹತ್ತಿರದ ಎರಡು ಪ್ರಭೇದಗಳನ್ನು ಹೆಸರಿಸಿ, ಇವುಗಳಲ್ಲಿ ಯಾವುದು ಯಾವುದರಲ್ಲಿ ಬೇರೆ ಎಂದು ನೇರವಾಗಿ ಬರೆಯಿರಿ. ಸಾಧ್ಯವಾದರೆ ಅವುಗಳ ಹೋಲೋಟೈಪನ್ನೇ ನೋಡಿ, ಇಲ್ಲವೇ ಅದೇ ಕೋನದ ಫೋಟೋವನ್ನು ಆ ಸಂಗ್ರಹದಿಂದ ಕೇಳಿ ಪಡೆಯಿರಿ. ಹಳೆಯ ಚಿತ್ರವೊಂದನ್ನೇ ನಂಬಿ ಹೋಲಿಸುವುದು ಅಪಾಯ.

ಹೋಲೋಟೈಪ್ ಆಗಿ ಗಾಯವಿಲ್ಲದ ಪ್ರೌಢ ಗಂಡು, ಪ್ಯಾರಾಟೈಪ್‌ಗಳಾಗಿ ಉಳಿದ ಪ್ರೌಢ ಗಂಡುಗಳು ಮತ್ತು ಬಿಳಿ ಪಟ್ಟಿಯ ಹೆಣ್ಣು.

13 ಮಿ.ಮೀ. ಗಂಡನ್ನು ಪ್ಯಾರಾಟೈಪ್ ಮಾಡಲು ನಿಯಮದ ಅಡ್ಡಿಯಿಲ್ಲ, ಆದರೆ ನಾನು ಅದನ್ನು "ಇತರ ಮಾದರಿ" ಎಂದೇ ಪಟ್ಟಿ ಮಾಡುತ್ತೇನೆ. ಅದರ ಸೀಕ್ವೆನ್ಸ್ ಉಳಿದವುಗಳೊಡನೆ ಕೂಡಿದರೆ, ಅದರ ಟೆಲ್ಸನ್ನನ್ನು ಪ್ರೌಢ ಟೆಲ್ಸನ್ನಿನ ಪಕ್ಕದಲ್ಲೇ, ಒಂದೇ ಅಗಲಕ್ಕೆ ಹಿಗ್ಗಿಸಿ ಬರೆಸಿ, ಏಣುಗಳು ಎಲ್ಲಿಂದ ಎಲ್ಲಿಗೆ ಊದಿಕೊಂಡಿವೆ ಎಂದು ನಾಲ್ಕು ಸಾಲು ಬರೆಯಿರಿ. ಈ ಜೀನಸ್ಸಿನ ಮರಿಗಳ ಚಿತ್ರ ಕೊಡುವ ವಿವರಣೆಗಳು ಕಡಿಮೆ. ಮುಂದೆ ಯಾರಿಗಾದರೂ ಕಲ್ಲಿನಲ್ಲಿ 13 ಮಿ.ಮೀ.ನ ಒಂದೇ ಪ್ರಾಣಿ ಸಿಕ್ಕಿ, ಸಣಕಲು ಏಣು ನೋಡಿ ಹೊಸದೆಂದುಕೊಂಡರೆ, ಅವರು ತೆರೆಯಬೇಕಾದ ಪುಟ ಅದೇ.